ಮುನ್ಶಿ ಮಾಸ್ತರು

ಕೊಪ್ಪಳದ ನಮ್ಮ ಓಣಿಯಲ್ಲಿ ಲಗ್ನಪತ್ರಿಕೆ ಹಂಚುವವರು ಒಂದು ಮನೆಗೆ ಮಾತ್ರ ಕಟ್ಟಕಡೆಗೆ ಹೋಗುತ್ತಾರೆ. ಆ ಮನೆಯ ಯಜಮಾನರು ಪತ್ರಿಕೆ ಕೈಗೆ ಬಂದ ಕೂಡಲೇ ಅಂಟಿದ ಅಕ್ಷತೆ ಝಾಡಿಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ‘ಆಶೀರ್ವಾಧ’ದ ಹೊಟ್ಟೆಯ ಗೀರು ಹೊಡೆದುಹಾಕಿ, ‘ಸಹಕುಟುಂಭ’ಕ್ಕೆ ಒಂದು ಸುತ್ತು ಹಾಕಿ, ಪತ್ರಿಕೆಯನ್ನು ತಂದವರಿಗೇ ವಾಪಸು ಕೊಡುತ್ತಾರೆ. “ಸಣ್ಣ ಮಗಳ ಲಗ್ನಕ್ಕರ ಛಾಪಿಸೂ ಮುಂದ ಒಂದ ಸಲ ತೋರಸ್ರಿ.” ಮದುವೆಗೆ ಮಾತ್ರ ತಪ್ಪದೆ ಬರುತ್ತಾರೆ. ಊಟದ ಪಂಗ್ತಿಯಲ್ಲಿ ಕೂತು ಹಂದರದ ಮೇಲಿನ ಸ್ವಾಗತದ ಬ್ಯಾನರನ್ನೂ ಓದುತ್ತಾರೆ.

ಮಾಸ್ತರರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಿವೃತ್ತಿ ಸರ್ಕಾರ ಆಡಿದ ಮಾತು, ಇವರು ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ನಾನು ಅವರ ಕೈಯಲ್ಲಿ ‘ಳ’ಕಾರಕ್ಕಾಗಿ ಏಟು ತಿಂದವನು, ಇವತ್ತಿಗೂ ‘ಬಾಳೆಹಣ್ಣು’ ಅನ್ನುವಾಗ ಅಂಗೈ ಚುರ್ ಅನ್ನುತ್ತದೆ. ಊರಿಗೆ ಹೊರಗಿನವರು ಯಾರೇ ಬರಲಿ, ಬಿಹಾರದ ಬ್ಯಾಂಕ್ ಆಫೀಸರ್ ಇರಲಿ, ಗಿಣಿಗೇರಿ ಫ್ಯಾಕ್ಟರಿಯ ಒಡಿಶಾದ ಇಂಜಿನಿಯರ್ ಇರಲಿ, ಕನ್ನಡ ಕಲಿಯಬೇಕೆಂದರೆ ಎಲ್ಲರ ಬೆರಳೂ ಇವರ ಮನೆಯ ಕಡೆಗೇ. ಈಗ ಕೆಲವು ವರ್ಷಗಳಿಂದ ಅವರ ಮುಖ್ಯ ಗಿರಾಕಿಗಳು ಊರ ಹೊರಗಿನ ಬಾಡಿಗೆ ಮನೆಯೊಂದರಲ್ಲಿ ನಡೆಯುವ ಪಾದ್ರಿಗಳ ತರಬೇತಿ ಕೇಂದ್ರದ ಹುಡುಗ ಹುಡುಗಿಯರು. ಕೇರಳ, ತಮಿಳುನಾಡು, ಜಾರ್ಖಂಡ್, ಮಿಜೋರಾಂ, ಎಲ್ಲೆಲ್ಲಿಂದಲೋ ಬರುತ್ತಾರೆ. ಆರು ತಿಂಗಳು ಕನ್ನಡ, ಆಮೇಲೆ ಹಳ್ಳಿ.

ಹಣೆ ತುಂಬ ವಿಭೂತಿ ಧರಿಸಿ ದಿನಾ ಎಂಟಕ್ಕೆ ಟಿವಿಎಸ್ ಏರಿ ಅತ್ತ ಹೊರಡುವ ಮಾಸ್ತರರನ್ನು ಚಹಾದಂಗಡಿಯವರು ಬಿಡುವುದುಂಟೇ? “ಏನ್ರಿ ಮಾಸ್ತರ, ನೀವೂ ಆ ಕಡೆ ಆದ್ರ್ಯಾ?” ಮಾಸ್ತರರ ಉತ್ತರ ಸದಾ ತಯಾರು. “ನಾ ಅವರಿಗೆ ವಿಭಕ್ತಿ ಕಲಸಾಕ ಹೊಂಟೀನಿ. ಅವರು ನನಗ ಭಕ್ತಿ ಕಲಸೂದು ಅದು ಮುಗದ ಮ್ಯಾಲ. ಏಳೂ ವಿಭಕ್ತಿ ಈವರೆಗೆ ಯಾರೂ ಮುಗಿಸಿಲ್ಲ.”

ಪಾದ್ರಿಗಳಿಗೆ ಕನ್ನಡ ಕಲಿಸುವುದು ಹಳೆಯ ಕಸುಬು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ನಮ್ಮ ಪಕ್ಕದ ಗದಗ-ಬೆಟಗೇರಿಗೆ ಬಂದು ಕೂತಾಗ ಅವರ ಎದುರು ಚಾಪೆಯ ಮೇಲೆ ಒಬ್ಬ ಮುನ್ಶಿಯೂ ಕೂತಿರುತ್ತಿದ್ದ. ಪಾದ್ರಿಗೆ ಕನ್ನಡ ಬರುತ್ತಿತ್ತು. ಮುನ್ಶಿ ತನ್ನ ಜನಿವಾರವನ್ನೋ ಲಿಂಗವನ್ನೋ ಸರಿಮಾಡಿಕೊಂಡು ಸಂಬಳ ಎಣಿಸಿ ಮನೆಗೆ ಹೋಗುತ್ತಿದ್ದ. ಮೋಗ್ಲಿಂಗ್, ಕಿಟೆಲ್ ಪಠ್ಯಪುಸ್ತಕಕ್ಕೆ ಬಂದರು, ಚಾಪೆಯವನು ಬರಲಿಲ್ಲ. ಈ ಅನ್ಯಾಯ ಮಾಸ್ತರರಿಗೆ ತಮ್ಮ ಸ್ವಂತ ಬಡ್ತಿ ತಪ್ಪಿದಷ್ಟೇ ನೋವು. ಹೊಸ ತಂಡದಲ್ಲಿ ಯಾರಾದರೂ, “ಸರ್, ಕನ್ನಡ ಎಷ್ಟು ದಿನಕ್ಕೆ ಬರುತ್ತದೆ?” ಎಂದು ಕೇಳಿದರೆ ಬೋರ್ಡಿನ ಮೇಲೆ ಎರಡು ಇಸವಿ ಬರೆಯುತ್ತಾರೆ. “ಕಿಟೆಲ್ ಸಾಹೇಬ ಬಂದದ್ದು 1853. ನಿಘಂಟು ಅಚ್ಚಾಗಿದ್ದು 1894. ನಿಮಗ ಆರ ತಿಂಗಳ ಕೊಟ್ಟಾರ. ಲೆಕ್ಕಾ ನೀವ ಮಾಡ್ರಿ.”

ಕೇಂದ್ರದ ದಿನಚರಿ ಹಾಸ್ಟೆಲ್‌ನದ್ದೇ. ಮುಂಜಾನೆ ಐದೂವರೆಗೆ ಗಂಟೆ, ಪ್ರಾರ್ಥನೆ, ಪಾಳಿಯ ಪ್ರಕಾರ ಕಸ ಮುಸುರೆ, ಸೋಪು ನೊರೆ ಬರದ ಬೋರ್ ನೀರಿನಲ್ಲಿ ಸ್ನಾನ. ಗಂಟೆಗೆ ಏಳದವರನ್ನು ಅಡುಗೆಯ ಅವ್ವ ಸೌಟು ಹಿಡಿದು ಬಾಗಿಲಲ್ಲಿ ನಿಂತು ಎಬ್ಬಿಸುತ್ತಾಳೆ. “ಏಳ್ರ್ಯೋ ಮೂಳಗೋಳ್ರ್ಯಾ, ಹೊತ್ತ ನೆತ್ತಿಗೆ ಬಂತು!” ಅವಳು ಆಡಿದ್ದನ್ನೆಲ್ಲ ಮಿಜೋರಾಮಿನ ಹುಡುಗನೊಬ್ಬ ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಮೊದಲ ರಾತ್ರಿಯ ಊಟದಲ್ಲಿ ಕೇರಳದ ಹುಡುಗ ಖಡಕ್ ರೊಟ್ಟಿಯ ಮೇಲಿನ ಪುಂಡಿಪಲ್ಯವನ್ನೆಲ್ಲ ನೀಟಾಗಿ ತಿಂದು, ರೊಟ್ಟಿಯನ್ನು ತೊಳೆಯುವ ಪಾತ್ರೆಗಳ ಜೊತೆ ಇಟ್ಟುಬಂದಿದ್ದ. ಅವ್ವ ಅದನ್ನು ಇಡೀ ಓಣಿಗೆ ಸಾರಿದಳು. ಆದರೆ ಹುಡುಗರ ಬಾಯಿಗೆ ಕನ್ನಡ ಹತ್ತಿದ್ದು ಅವಳ ಒಲೆಯ ಮುಂದೆಯೇ ಎಂಬುದು ಮಾಸ್ತರರ ವಿನಾ ಎಲ್ಲರಿಗೂ ಗೊತ್ತಿದ್ದ ಸಂಗತಿ. “ಅಡಗೀಮನಿ ಕನ್ನಡ ವ್ಯಾಕರಣಕ್ಕ ಬರೂದಿಲ್ಲ” ಎಂದು ಅವರು ಫರ್ಮಾನು ಹೊರಡಿಸಿದ್ದರು. ಉದಾಹರಣೆಯೂ ಕೊಟ್ಟಿದ್ದರು: “ಮನುಷ್ಯಾರಿಗೆ ‘ಗಳು’ ಹಚ್ಚಬಾರದು ತಮ್ಮಾ, ‘ರು’ ಹಚ್ಚಬೇಕು. ದನಾ ಕರಾ, ಕಲ್ಲು ಮಣ್ಣಿಗೆ ‘ಗಳು’.”

ಪ್ರತಿ ತಂಡದ ಮೊದಲ ಬಿಡುವಿನ ದಿನ ಮಾಸ್ತರರು ಹುಡುಗರನ್ನು ಗವಿಮಠಕ್ಕೆ ಕರೆದೊಯ್ದು ಅಶೋಕನ ಶಾಸನ ತೋರಿಸುತ್ತಾರೆ. ಆಮೇಲೆ ಪಲ್ಕಿಗುಂಡು. ಅಲ್ಲಿ ಎರಡು ಬಂಡೆಗಳ ಮೇಲೆ ಮತ್ತೊಂದು ಬಂಡೆ ಪಲ್ಲಕ್ಕಿಯ ಹಾಗೆ ಕೂತಿದೆ, ಶಾಸನದ ಅಕ್ಷರಗಳು ಬಹಳಷ್ಟು ಸವೆದುಹೋಗಿವೆ. ಆ ನೆರಳಿನಲ್ಲಿ ಎಲ್ಲರನ್ನೂ ಕೂರಿಸಿ ಶುರುಮಾಡುತ್ತಾರೆ. “ಧರ್ಮಾ ಹೇಳಾಕ ಈ ಊರಿಗೆ ಮೊದಲ ಬಂದಾಂವ ಇಂವ ನೋಡ್ರಿ. ಸಣ್ಣವರು ದೊಡ್ಡವರು ಎಲ್ಲಾರೂ ಧರ್ಮಕ್ಕ ದುಡೀರಿ ಅಂತ ಹೇಳಿದ. ಮಾತು ಛಲೋನ ಐತಿ. ಆದ್ರ ಕನ್ನಡ ಕಲೀಲಿಲ್ಲ, ಪ್ರಾಕೃತದಾಗ ಕೆತ್ತಿಸಿಬಿಟ್ಟ. ಮುಂದೇನಾತು? ದನಾ ಕಾಯವರು ಇದರ ನೆಳ್ಳಿಗೆ ಕುಂತು ಬುತ್ತಿ ಉಂಡ್ರು. ಎರಡ ಸಾವಿರ ವರ್ಷ ಯಾವನೂ ಓದಲಿಲ್ಲ.” (ನೂರಿನ್ನೂರು ವರ್ಷ ಆಚೀಚೆ ಮಾಡುವುದು ಮಾಸ್ತರರ ಹಕ್ಕು. ಪ್ರಿನ್ಸೆಪ್ ಈ ಶಾಸನಗಳ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ್ದು 1837ರಲ್ಲಿ, ಅಂದರೆ ಬಾಸೆಲ್‌ನವರು ಧಾರವಾಡಕ್ಕೆ ಬಂದ ವರ್ಷವೇ.) ಒಮ್ಮೆ ಜಾರ್ಖಂಡಿನ ಹುಡುಗಿ ಎದ್ದು ನಿಂತು, “ಸರ್, ಅಶೋಕ ನಮ್ಮ ಕಡೆಯವರು, ಕ್ಷಮಿಸಿ” ಎಂದಳು. ಮಾಸ್ತರರು ಕ್ಷಮಿಸಿದರು.

ಅದೇ ಹುಡುಗಿ ಅವರಿಗೆ ಮಗ್ಗುಲ ಮುಳ್ಳೂ ಆದಳು. ಮಾಸ್ತರರ ದೊಡ್ಡ ಪಾಠ ತಿರುಳ್ಗನ್ನಡದ್ದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆ ಎಂದು ನಾಲ್ಕು ಊರು ಹೆಸರಿಸಿದೆ. ಪಟ್ಟದಕಲ್ಲಿನ ಕಿಸುವೊಳಲು, ಲಕ್ಷ್ಮೇಶ್ವರದ ಪುಲಿಗೆರೆ, ಒಕ್ಕುಂದ, ಮತ್ತು ನಮ್ಮ ಕೊಪ್ಪಳದ ಕೊಪಣ. ಬೋರ್ಡಿನ ಮೇಲೆ ನಾಲ್ಕು ಚುಕ್ಕೆ ಇಟ್ಟು, ಉಳಿದ ಮೂರನ್ನು ಸಣ್ಣದಾಗಿ, ಕೊಪಣವನ್ನು ಮಾತ್ರ ಬೋರಂಗಿಯಷ್ಟು ದಪ್ಪಗೆ ಬರೆದು ಈ ಪಾಠ ಆರಂಭ. ಆ ದಿನ ಅವರು ಒಳಗೆ ಬಂದವರೇ ಅಂದದ್ದು ಇಷ್ಟು: “ಜಲ್ದಿ ಹಾಜರಿ ಮುಗಿಸಿ ತಯಾರಾಗ್ರಿ. ಖರೇ ಅಚ್ಚಗನ್ನಡ ಅಂದ್ರ ಏನಂತ ಇವತ್ತ ಹೇಳ್ತೀನಿ.” ಹುಡುಗಿ ಖುಷಿಯಿಂದ ಕೈ ಎತ್ತಿದಳು. “ಸರ್, ಜಲ್ದಿ, ಹಾಜರಿ, ತಯಾರಿ, ಖರೇ, ಎಲ್ಲ ತಿಳಿಯಿತು. ನಮ್ಮ ಹಿಂದಿಯಲ್ಲೂ ಇವೆ. ಅಚ್ಚಗನ್ನಡ ಒಂದೇ ತಿಳಿಯಲಿಲ್ಲ.”

ಮಾಸ್ತರರು ಕಿಟೆಲ್ ನಿಘಂಟಿನ ಮೊರೆಹೋದರು. ಅಲ್ಲಿ ಇನ್ನೂ ಅನಾಹುತ. ಆ ಪುಣ್ಯಾತ್ಮ ಸುಮಾರು 70,000 ಪದಗಳನ್ನು ಸೇರಿಸುವಾಗ ಯಾವುದು ಹಿಂದುಸ್ತಾನಿಯಿಂದ ಬಂದದ್ದು, ಯಾವುದು ಮರಾಠಿಯಿಂದ ಬಂದದ್ದು ಎಂದು ಗುರುತು ಹಾಕಿಟ್ಟಿದ್ದಾನೆ. ಅರ್ಜಿ, ಕಚೇರಿ, ವಕೀಲ, ಜಾಮೀನು ಒಂದೊಂದಾಗಿ ಕೈಬಿಟ್ಟವು. ಕೊನೆಗೆ ಆ ಹುಡುಗಿ ಮೆಲ್ಲಗೆ, “ಸರ್, ಮುನ್ಶಿ?” ಎಂದಳು. ಅದೂ ಪರದೇಶಿ. ಮಾಸ್ತರ ಎಂಬ ಶಬ್ದದ ಕುಲಗೋತ್ರ ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ಆ ಸಂಜೆ ಅವರು ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಅಪ್ಪನ ಮಾತು ತೆಗೆದರು. ಕೊಪ್ಪಳ ಆಗ ಸಾಲಾರ್ ಜಂಗರ ಜಹಗೀರು; 1948ರವರೆಗೆ ನಿಜಾಮರ ರಾಜ್ಯದಲ್ಲಿ ಸಾಲಿ, ಕಚೇರಿ ಎಲ್ಲ ಉರ್ದು. ಅಪ್ಪನೂ ಉರ್ದುವಿನಲ್ಲೇ ಓದಿದವರು, ಕಡೆಯವರೆಗೂ ಸಹಿ ಬಲದಿಂದ ಎಡಕ್ಕೆ. ಕನ್ನಡ ಅಕ್ಷರ ಕಲಿತದ್ದು ಮಠದಲ್ಲಿ, ಮೀಸೆ ಬಂದ ಮೇಲೆ. “ನಮ್ಮಪ್ಪಗ ‘ಳ’ ಬರೀಲಿಕ್ಕೆ ಬರತಿದ್ದಿಲ್ಲ. ನಾನ ತಿದ್ದಿಸಿದೆ” ಎಂದರು. ಕನ್ನಡದ ತಿರುಳಿನಲ್ಲಿ ಇವರು ಮೊದಲು ತಿದ್ದಿದ್ದು ಹೆತ್ತ ಅಪ್ಪನನ್ನೇ ಎಂದು ನನಗೆ ಆವತ್ತೇ ತಿಳಿದದ್ದು. ನನ್ನ ಅಂಗೈಯ ಉರಿ ಸ್ವಲ್ಪ ಇಳಿಯಿತು.

ವ್ಯಾಕರಣದಲ್ಲಿ ಇಲ್ಲದ ತೊಡಕುಗಳಿಗೆ ಮಾಸ್ತರರ ಬಳಿ ಮದ್ದಿಲ್ಲ. ನಾವು ಮಾತಿಗೆ ಮುಂಚೆ “ಇರ್ಲಿ ತಗೋರಿ”, “ಆಗ್ತದ ತಗೋರಿ” ಅನ್ನುವವರು. ತಮಿಳು ಹುಡುಗ ಪ್ರತಿ ಸಲವೂ ಕೈ ಚಾಚಿ ನಿಲ್ಲುತ್ತಿದ್ದ. ಹೋಗುವಾಗ “ಬರ್ತೀನ್ರಿ” ಅಂದುಹೋದ ಹಾಲಿನವನಿಗಾಗಿ ಇನ್ನೊಬ್ಬ ಚಹಾ ಮುಚ್ಚಿಟ್ಟು ಮಧ್ಯಾಹ್ನದವರೆಗೆ ಕಾದ. ಒಗ್ಗರಣೆ ಎಂದರೆ ಸಾಸಿವೆ ಚಟಪಟ ಎಂದು ಬರೆದುಕೊಂಡಿದ್ದವರು ಹೋಟೆಲಿನಲ್ಲಿ ಪಕ್ಕದವನಿಗೆ ಬಂದ ಮಂಡಾಳ ಒಗ್ಗರಣಿ, ಮಿರ್ಚಿಯ ತಟ್ಟೆ ನೋಡಿ ದಂಗಾದರು. ಎಲ್ಲಕ್ಕಿಂತ ಹೆಚ್ಚು ಲಾಭ ತಂದದ್ದು ಒಂದು ಸ್ವರ. ಭಾನುವಾರದ ಪ್ರಾರ್ಥನೆಗೆ ಬಂದವರನ್ನು ಬಾಗಿಲಲ್ಲಿ “ಕೂಡ್ರಿ, ಕೂಡ್ರಿ” ಎಂದು ಬರಮಾಡಿಕೊಳ್ಳಬೇಕಿದ್ದ ಕೇರಳದ ಹುಡುಗ, ಕೈ ಮುಗಿದು “ಕೊಡ್ರಿ, ಕೊಡ್ರಿ” ಎಂದ. ಪಾಪ, ಜನ ಹತ್ತಿಪ್ಪತ್ತು ರೂಪಾಯಿ ಕೊಟ್ಟೇ ಒಳಗೆ ಹೋದರು.

ಮೂರನೆಯ ತಿಂಗಳು ಒಂದು ವಾರ ತಾಲೂಕು ಸುತ್ತುವ ಪದ್ಧತಿ. ತಾಲೂಕು ಈಗ ಏಳಾಗಿದ್ದರೂ ಮಾಸ್ತರರದ್ದು 1997ರಲ್ಲಿ ಜಿಲ್ಲೆಯಾದಾಗಿನ ನಾಲ್ಕರ ಲೆಕ್ಕವೇ. ಗಂಗಾವತಿಗೆ ಹೋದವನು ತುಂಗಭದ್ರಾ ಕಾಲುವೆಯ ನೀರು ಹಿಡಿದು ಬಂದ ಆಂಧ್ರದ ರೈತರ ಕ್ಯಾಂಪಿನಲ್ಲಿ ಉಳಿದು, ಗದ್ದೆಯಂಥ ಹಸಿರು ತೆಲುಗಿನೊಂದಿಗೆ ಮರಳಿ “ಬಾಗುನ್ನಾರಾ ಮಾಸ್ಟಾರೂ?” ಎಂದ. ಕುಷ್ಟಗಿಗೆ ಹೋದ ಹುಡುಗಿ ಮುದುಕಿಯೊಬ್ಬಳ ಮನೆಯಲ್ಲಿದ್ದು, ಬಂದವಳೇ ಮಾಸ್ತರರಿಗೆ “ಬಂದ್ಯಾ ಯಪ್ಪಾ, ನೀರ ಕುಡೀತಿಯೇನ?” ಅಂದಳು. ಯಲಬುರ್ಗಿಗೆ ಹೋದವನು ಮಾತ್ರ ಹೋದ ಹಾಗೇ ಬಂದ. ಅವನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಊರವರು ಹಿಂದಿಯಲ್ಲಿ ಉತ್ತರ ಕೊಟ್ಟು ತಮ್ಮ ಹಿಂದಿ ಸುಧಾರಿಸಿಕೊಂಡಿದ್ದರು.

ಕಳೆದ ತಂಡದ ಬೀಳ್ಕೊಡುಗೆಗೆ ಮಾಸ್ತರರು ನನ್ನನ್ನೂ ಕರೆದುಕೊಂಡು ಹೋದರು. ಓಣಿಯ ಜನ, ಹಾಲಿನವನು, ಕಿರಾಣಿಯವನು, ಬಾಗಿಲ ಹತ್ತಿರ ಅಡುಗೆಯ ಅವ್ವ. ಕನ್ನಡದಲ್ಲಿ ಭಾಷಣ ಮಾಡುವವನು ಮಿಜೋರಾಮಿನ ಹುಡುಗ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಕೈಯಲ್ಲಿ ಅದೇ ಚಿಕ್ಕ ನೋಟ್‌ಬುಕ್ಕು. ಎಲ್ಲರನ್ನೂ ಕಣ್ಣು ತುಂಬ ನೋಡಿ, ಕೈ ಮುಗಿದು, ಸ್ಪಷ್ಟವಾಗಿ ಶುರುಮಾಡಿದ:

“ಪ್ರೀತಿಯ ಮೂಳರೇ...”

ಹಾಲಿನವನ ಬಾಯಿ ತೆರೆದದ್ದು ತೆರೆದೇ ಇತ್ತು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನಾನು ಹೆದರಿ ಪಕ್ಕಕ್ಕೆ ನೋಡಿದೆ. ಮಾಸ್ತರರ ಕೈ ಜೇಬಿನ ಕೆಂಪು ಪೆನ್ನಿನವರೆಗೂ ಹೋಗಿ ಅಲ್ಲೇ ನಿಂತಿತ್ತು. ಕಣ್ಣು ಮುಚ್ಚಿ ಏನನ್ನೋ ತೂಗಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು:

“‘ಗಳು’ ಹಚ್ಚಲಿಲ್ಲ ನೋಡು. ‘ರು’ ಹಚ್ಚ್ಯಾನ. ಸಂಬೋಧನಾನೂ ಬರೋಬ್ಬರಿ ಐತಿ.”