ಮಾಯಾಲೋಕದ ಊಟ

ರಾಯರು: ಮಾಯಾಲೋಕದ ಕಾದಂಬರಿ ಬರೀತಿದೀನಿ ನಿಂಗಣ್ಣ. ದೊರೆಗೆ ಸಣ್ಣಕ್ಕಿ ಅನ್ನ, ತುಪ್ಪ. ಬಡವನಿಗೆ ಮುದ್ದೆ, ಸೊಪ್ಪಿನ ಸಾರು. ಸರೀನಾ?

ನಿಂಗಣ್ಣ: ಯಾವ ಕಾಲದ ದೊರೆ ಸೋಮಿ? ಈಗಿನ ದೊರೆಗೆ ಅನ್ನ ಕಂಡ್ರೆ ಭಯ. ಡಾಕ್ಟ್ರು ಮುದ್ದೆ ಬರ್ಕೊಟ್ಟವ್ರೆ.

ರಾಯರು: ಹಾಗಾದ್ರೆ ಬಡವ?

ನಿಂಗಣ್ಣ: ಅವನಿಗೇ ಅಕ್ಕಿ. ರೇಷನ್ನಲ್ಲಿ ಪುಕ್ಸಟ್ಟೆ ಬರ್ತದಲ್ಲ!

ರಾಯರು: ನವಣೆ, ಸಾಮೆ?

ನಿಂಗಣ್ಣ: ಊರು ಬಿಟ್ಟು ಮಾಲ್ ಸೇರ್ಕೊಂಡವೆ. ಸಾಮೆ ಇನ್ನು ಸಾಮಾನ್ಯರಿಗೆ ಸಿಗಾಕಿಲ್ಲ.

ರಾಯರು: ವಿಶ್ವಸಂಸ್ಥೆಯೇ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತ್ತಲ್ಲಯ್ಯ!

ನಿಂಗಣ್ಣ: ಗೊತ್ತು ಸೋಮಿ. ಅದೇ ವರ್ಷ ನಮ್ಮಲ್ಲಿ ಬರ. ವೇದಿಕೆ ಮೇಲೆ ಮಾತ್ರ ಬೆಳೆ ಚೆನ್ನಾಗಿತ್ತು.

ರಾಯರು: ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲೂ ರಾಗಿಯೇ ಗೆದ್ದದ್ದು. ರಾಮ ಅಕ್ಕಿ, ರಾಗಿ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿದ. ಅಕ್ಕಿ ಸೊರಗಿತು, ರಾಗಿ ಗಟ್ಟಿಯಾಗಿತ್ತು.

ನಿಂಗಣ್ಣ: ಈಗ ಸ್ಟಾರ್ ಹೋಟೆಲ್ನೋರು ಸೆರೆ ಹಾಕವ್ರೆ. ಜಾಮೀನು ಕೊಡಾಕೆ ನಮ್ಮ ಕೈಲಾಗಾಕಿಲ್ಲ.

ರಾಯರು: ಅಲ್ಲಿ ಮುದ್ದೇನ ಚಮಚದಲ್ಲಿ ತಗೊಂಡು ಅಗೀತಾರೆ ಕಣಯ್ಯ!

ನಿಂಗಣ್ಣ: ಅಗೀಲಿ ಬಿಡಿ. ನುಂಗಾಕೆ ಬಿಲ್ ಐತಲ್ಲ!

ರಾಯರು: ನೀನು ಹೇಳಿದ್ದೆಲ್ಲ ನಿಜಾನೇ. ಇದರಲ್ಲಿ ಮಾಯಾಲೋಕ ಎಲ್ಲಿ ಬಂತು?

ನಿಂಗಣ್ಣ: ಆ ಬಿಲ್ಲಲ್ಲಿ ರಾಗಿ ಬೆಳೆದೋನಿಗೂ ಸರಿಯಾದ ಪಾಲು ಸಿಕ್ತು ಅಂತ ಬರೀರಿ ಸೋಮಿ. ಮಾಯಾಲೋಕವೇ ಅಂತ ಊರೆಲ್ಲ ಒಪ್ತದೆ!