ಸೊರಬಕ್ಕೆ ಪೈಥಾನ್ ಮಾಡಿದ ಅನ್ಯಾಯ

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗೂ ನಮ್ಮ ಶಿಕಾರಿಪುರ–ಸೊರಬಕ್ಕೂ ಎಂತದು ಸಂಬಂಧ ಅಂತ ಮೂಗು ಮುರಿಯಬೇಡಿ. ಜಾತಕ ತೆಗೆದು ನೋಡಿ. ಗಿಡೋ ವಾನ್ ರೋಸಮ್ ಎಂಬ ಡಚ್ ಪುಣ್ಯಾತ್ಮ ಅದನ್ನು ಹೊರಗೆ ಬಿಟ್ಟಿದ್ದು 1991ರಲ್ಲಿ. ಆಗ ಮುಖ್ಯಮಂತ್ರಿ ಯಾರು? ಸೊರಬದ ಬಂಗಾರಪ್ಪನವರು. ಮೂರನೇ ಆವೃತ್ತಿ ಬಂದಿದ್ದು 2008ರ ಡಿಸೆಂಬರಿನಲ್ಲಿ. ಆಗ? ಶಿಕಾರಿಪುರದ ಯಡಿಯೂರಪ್ಪನವರು. ಎರಡನೇ ಆವೃತ್ತಿಗೆ 2020ರ ಜನವರಿ 1ಕ್ಕೆ ಎಳ್ಳುನೀರು ಬಿಟ್ಟಾಗಲೂ ಅವರೇ. ಇದು ಬರೀ ಕಾಕತಾಳೀಯ ಅನ್ನುವವರು ಈ ಎರಡು ತಾಲ್ಲೂಕಿನ ರಾಜಕೀಯ ಕಂಡವರೇ ಅಲ್ಲ.

ನಾನು ಶಿಕಾರಿಪುರದವ, ನನ್ನ ತಂಗಿ ಮಗ ಸೊರಬದವ. ಬೆಂಗಳೂರಿನ ಕಂಪನಿ ಕೆಲಸವನ್ನು ಅಡಿಕೆ ತೋಟದ ಮನೆ ಜಗಲಿಯಲ್ಲೇ ಕೂತು ಮಾಡುತ್ತಾನೆ. "ಪೈಥಾನ್ ಭಾರಿ ಸುಲಭ ಮಾವ" ಅಂತ ಸದಾ ಹೇಳುತ್ತಾನೆ. ಸುಲಭದ ವಸ್ತುವಿಗೆ ಇವನು ದಿನಾ ರಾತ್ರಿ ಹನ್ನೊಂದರ ತನಕ ಬೈಯುವುದು ಯಾಕೋ!

ಸಾಲಿನ ಮೊದಲು ಒಂದು ಕಡೆ ಟ್ಯಾಬ್, ಇನ್ನೊಂದು ಕಡೆ ಸ್ಪೇಸ್ ಬಿದ್ದರೆ ಪೈಥಾನ್ ಮುನಿಸಿಕೊಳ್ಳುತ್ತದೆ. ಕಣ್ಣಿಗೆ ಎರಡೂ ಖಾಲಿಯೇ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಅನ್ನುತ್ತದೆ. ಆ ಬಾಲ ನೋಡಿದ ಅಡಿಕೆ ಮಂಡಿ ಗುಮಾಸ್ತರು ನಕ್ಕಾರು, ಆದರೆ ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಬಹುತೇಕ ಎಲ್ಲ ಭಾಷೆಯಲ್ಲೂ ಇದೇ ಹಣೆಬರಹ. ಅದನ್ನೆಲ್ಲ ಬಿಡಿ. ನನಗೆ ನಗು ತಡೆಯಲಾಗದ್ದು ಅಳಿಯ ಮನೆಯ ಅಡಿಕೆ ಲೆಕ್ಕಕ್ಕೆ ಕೈ ಹಾಕಿದಾಗ. ರಾಶಿ, ಬೆಟ್ಟೆ, ಗೊರಬಲು ಅಂತ ಪಟ್ಟಿ ಚೆನ್ನಾಗಿಯೇ ಮಾಡಿದ. ದರದ ಜಾಗದಲ್ಲಿ 48,500 ಅಂತ ಇದ್ದುದನ್ನು ಸಂಖ್ಯೆ ಮಾಡು ಅಂದರೆ 'ವ್ಯಾಲ್ಯೂ ಎರರ್'! ಅಲ್ಪವಿರಾಮ ಅದಕ್ಕೆ ಆಗದು. ಅದೇ ೪೮೫೦೦ ಅಂತ ಕನ್ನಡ ಅಂಕಿಯಲ್ಲಿ ಕೊಟ್ಟರೆ ಸರಾಗವಾಗಿ ಓದಿಕೊಂಡಿತು. ನಮ್ಮ ಎಷ್ಟೋ ಕಾನ್ವೆಂಟ್ ಮಕ್ಕಳಿಗೆ ಬಾರದ್ದು ಇದಕ್ಕೆ ಬರುತ್ತದೆ.

ಜಗಳ ಹತ್ತಿದ್ದು ಊರ ಹೆಸರಿಗೆ. 'ಶಿಕಾರಿಪುರ' ಎಷ್ಟಕ್ಷರ ಅಂತ ಕೇಳಿದರೆ ಪೈಥಾನ್ ಒಂಬತ್ತು ಅಂತು. ಶ ಒಂದು, ಅದರ ಗುಡಿಸು ಇನ್ನೊಂದು, ಹೀಗೆ ಬಿಡಿಸಿ ಎಣಿಸುತ್ತದೆ. ಹಿಂದುಮುಂದು ಮಾಡು ಅಂದರೆ 'ರುಪಿರಾಕಿಶ'! ಕೊಂಬು, ಗುಡಿಸು, ದೀರ್ಘ ಎಲ್ಲ ಪಕ್ಕದ ಮನೆ ಸೇರಿದವು. ನಾನು ಸುಮ್ಮನಿದ್ದೆ. ಅವನ ಸರದಿ ಬಂತು: ಎರಡು ಕಡತದ ಸೊರಬ ತಾಳೆಯೇ ಆಗಲಿಲ್ಲ. ಅಚ್ಚುಕಟ್ಟಾಗಿ ಒಂದೇ ಥರ ಕಾಣುವ ಎರಡು 'ಸೊರಬ'. ಒಂದರಲ್ಲಿ ನಾಲ್ಕು, ಒಂದರಲ್ಲಿ ಐದು!

"ನಿಮ್ಮೂರೇ ಎರಡು ಪಕ್ಷ ಅಂತ ಪೈಥಾನಿಗೂ ಗೊತ್ತಾಯ್ತಲ್ಲ ಮಾರಾಯ" ಅಂದೆ.

ಕಾರಣ ಇಷ್ಟೆ. ಯುನಿಕೋಡಿನಲ್ಲಿ ಒತ್ವವನ್ನು ಇಡಿಯಾಗಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಹಾಕಿ ಅದರ ಮೇಲೆ ಕೊಂಬಿನ ದೀರ್ಘ ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ತುಣುಕೂ ವ್ಯತ್ಯಾಸ ಇಲ್ಲ. ಪೈಥಾನ್ ಮಾತ್ರ ಒಳಗಿನ ಸಂಕೇತ ನೋಡಿ ಬೇರೆ ಅನ್ನುತ್ತದೆ. 'ಯುನಿಕೋಡ್‌ಡೇಟಾ' ಕರೆದು 'ನಾರ್ಮಲೈಸ್' ಮಾಡಿಸಿ ಎನ್‌ಎಫ್‌ಸಿ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ತಮಾಷೆ ಏನೆಂದರೆ, ಅದೇ ಸೊರಬವನ್ನು ವೇರಿಯಬಲ್ ಹೆಸರಾಗಿ ಇಟ್ಟರೆ ಪೈಥಾನ್ ಯಾರೂ ಹೇಳದೆ ತಾನೇ ಒಂದು ಮಾಡಿಕೊಳ್ಳುತ್ತದೆ. ಹೆಸರಿಗೆ ಒಂದು ನ್ಯಾಯ, ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಇನ್ನೊಂದು. ಇದನ್ನು ಸರಿ ಅನ್ನಲು ನನಗಂತೂ ಮನಸ್ಸಿಲ್ಲ. ಇಂಗ್ಲಿಷಿನವರು ಸುಲಭ ಸುಲಭ ಅನ್ನುವುದು ಅವರ ಎ ಬಿ ಸಿ ಡಿಗೆ ಗುಣಿತ ಇಲ್ಲದ್ದಕ್ಕೆ.

"ಶಿಕಾರಿಪುರದಲ್ಲಿ ಒತ್ವ ಎಲ್ಲಿದೆ? ನಮಗೆ ಈ ರಗಳೆಯೇ ಇಲ್ಲ" ಅಂತ ಮೀಸೆ ತಿರುವಿದೆ.

ಅಳಿಯ ಬಿಡುತ್ತಾನಾ? ಜಿಲ್ಲೆಯ ಏಳೂ ತಾಲ್ಲೂಕಿನ ಹೆಸರು ಹಾಕಿ ನೋಡಿದ. ಶಿವಮೊಗ್ಗ ಎರಡಾಯಿತು, ಹೊಸನಗರ ಎರಡಾಯಿತು, ಒತ್ವದ ಹಾಗೇ ಗುಡಿಸು, ದೀರ್ಘ ಅಂತ ಬಿಡಿಸಿಯೂ ಬರೆಯಬಹುದಾದ 'ತೀ' ದೆಸೆಯಿಂದ ತೀರ್ಥಹಳ್ಳಿಯೂ ಎರಡಾಯಿತು. ಸಾಗರ, ಭದ್ರಾವತಿ ನಮ್ಮ ಜೊತೆ ಪಾರು.

"ನಾಲ್ಕು–ಮೂರು ಮಾವ. ಬಹುಮತ ನಮ್ದೇ!"