ಮರಳೂರು ಮೂಷಕವಾಸ್ತುಮೀಮಾಂಸೆ

ಶಾಸ್ತ್ರವೆಂದ ಮೇಲೆ ಅದಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿಗಳೆಂಬ ಅನುಬಂಧಚತುಷ್ಟಯವು ಇರಲೇಬೇಕಷ್ಟೆ. ತುಮಕೂರಿಗೆ ಸೇರಿದ ಮರಳೂರು ಸೀಮೆಯಲ್ಲಿ ಹೊಲದ ಹೆಗ್ಗಣವು ಋತುವಿಗನುಗುಣವಾಗಿ ಭೂಗರ್ಭದಲ್ಲಿ ರಚಿಸುವ ಸೌಧವೇ ಇಲ್ಲಿಯ ವಿಷಯವು. ರಾಗಿ ಯಾರದೆಂಬ ಚಿರಂತನ ವ್ಯಾಜ್ಯದ ಇತ್ಯರ್ಥವೇ ಪ್ರಯೋಜನವು. ಬಿಲಕ್ಕೂ ಬೆಳೆಗೂ ಇರುವ ನಂಟೇ ಸಂಬಂಧವು. ಕಣದಲ್ಲಿ ಲೆಕ್ಕ ತಪ್ಪಿ ತಲೆಯ ಮೇಲೆ ಕೈಹೊತ್ತು ಕುಳಿತ ರೈತನೇ ಅಧಿಕಾರಿಯು.

ರೈತನು ಬೆಳೆಯುವನು, ಹೆಗ್ಗಣವು ಕದಿಯುವುದು ಎಂಬುದು ಪೂರ್ವಪಕ್ಷ. ಇದಕ್ಕೆ ಪಹಣಿ, ಕಂದಾಯದ ರಸೀದಿಗಳ ಬೆಂಬಲವುಂಟಾದರೂ ಋತುಕ್ರಮದಿಂದ ಪರೀಕ್ಷಿಸಿದಲ್ಲಿ ನಿಲ್ಲಲಾರದು.

ಮಳೆ ಹಿಡಿದು ತಗ್ಗಿನ ಬಿಲಗಳಿಗೆ ನೀರು ನುಗ್ಗಲಾಗಿ ಹೆಗ್ಗಣವು ಎತ್ತರದ ಬದುವಿಗೆ ವಲಸೆಹೋಗುವುದು. ಆ ಬದುವನ್ನು ಬೇಸಗೆಯ ಬಿಸಿಲಿನಲ್ಲಿ ಮೈಬಗ್ಗಿಸಿ, ಕೂಲಿ ಬೇಡದೆ, ಕಟ್ಟಿಟ್ಟವನು ರೈತನೇ. ಹೀಗೆ ಅನಾಯಾಸವಾಗಿ ಲಭಿಸಿದ ಅಧಿಷ್ಠಾನವನ್ನು ಹೆಗ್ಗಣವು ಆಜೀವಪರ್ಯಂತ ಬೆಳೆಯುವ ಬಾಚಿಹಲ್ಲುಗಳಿಂದ ಕೊರೆದು, ಹೊರಬಂದ ಮಣ್ಣನ್ನು ದ್ವಾರದಲ್ಲಿ ಗುಡ್ಡೆಮಾಡಿ ಅದರಿಂದಲೇ ಬಾಗಿಲು ಮುಚ್ಚಿ, ಹುಲ್ಲು ಹಾಸಿದ ಸೂತಿಕಾಗೃಹವನ್ನೂ, ಪ್ರತ್ಯೇಕವಾದ ಕಣಜವನ್ನೂ, ಆಪತ್ಕಾಲಕ್ಕೆಂದು ತೆಳುಮಣ್ಣಿನಿಂದ ಮರೆಸಿದ ಗುಪ್ತದ್ವಾರವನ್ನೂ ನಿರ್ಮಿಸುವುದು. ಗರ್ಭಾವಧಿಯು ಸುಮಾರು ಮೂರೇ ವಾರಗಳದಾದುದರಿಂದ ಕಾಮಗಾರಿಯಲ್ಲಿ ವಿಳಂಬಕ್ಕೆ ಆಸ್ಪದವಿಲ್ಲ.

ಇವುಗಳ ಸಮಾಜವ್ಯವಸ್ಥೆಯೂ ವಿಚಾರಾರ್ಹವು. ಬಾಲದ ತುದಿಯಲ್ಲಿ ಕರಿಯ ಕುಚ್ಚುಳ್ಳ ಬಯಲಿಲಿಯು ಗುಂಪುಗೂಡಿ ಬಿಲ ತೋಡುವುದು; ಹೆಗ್ಗಣಗಳಾದರೋ ಒಂದೇ ಬದುವಿನಲ್ಲಿ ಸಾಲಾಗಿ ನೆಲಸಿಯೂ ಪ್ರಾಯಶಃ ಬಿಲಕ್ಕೊಂದರಂತೆ ಇದ್ದು, ಎದುರುಬಿದ್ದಾಗ ಕಚ್ಚಾಡುವುವು. ಇದನ್ನು ಕೆಲವರು ಅಸಾಮಾಜಿಕವೆನ್ನುವರು. ನಗರದ ಬಡಾವಣೆಗಳನ್ನು ಬಲ್ಲವರು ಹಾಗೆನ್ನಲಾರರು.

ಹೇಮಂತದಲ್ಲಿ ರಾಗಿ ಬಲಿಯಲು ದಂಟು ಕತ್ತರಿಸಿ ತೆನೆಗಳನ್ನು ಒಳಕ್ಕೆ ಸಾಗಿಸುವುದು ಪ್ರಾರಂಭವಾಗುವುದು. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ ವಾಲ್ಟರ್ ಎಲಿಯಟ್ಟನು, ಇಂತಹ ಒಂದು ಬಿಲದಲ್ಲಿ ಕೆಲವೊಮ್ಮೆ ಜೋಳದ ಇಡೀ ತೆನೆಗಳೂ ಸೇರಿ ಅರ್ಧ ಸೇರು ಧಾನ್ಯವು ದೊರೆಯುವುದೆಂದೂ, ಕೆರೆ ತೋಡುವ ಜನರು ಸುಗ್ಗಿಯಲ್ಲಿ ಅದನ್ನು ಅಗೆದು ತೆಗೆದು, ಸಮೃದ್ಧವಾದೆಡೆ ಬಹುಮಟ್ಟಿಗೆ ಅದರಿಂದಲೇ ಜೀವಿಸುವರೆಂದೂ ಬರೆದಿರುವನು. ಆದಕಾರಣ ಹೆಗ್ಗಣವು ಕಂದಾಯ ವಸೂಲಿಯಷ್ಟಕ್ಕೇ ನಿಲ್ಲದೆ ಬಡವರ ಪರಿಹಾರಕಾರ್ಯವನ್ನೂ ನಡೆಯಿಸುತ್ತಿದ್ದಿತೆಂಬುದು ನಿರ್ವಿವಾದ.

ಇನ್ನು ಹಗೇವಿನ ಪ್ರಶ್ನೆ. ನೆಲದೊಳಗೆ ಹಗೇವು ತೋಡಿ ರಾಗಿಯನ್ನು ವರ್ಷಾನುಗಟ್ಟಲೆ ಕಾಪಿಡುವ ವಿದ್ಯೆಯನ್ನು ಮನುಷ್ಯನು ಹೆಗ್ಗಣದಿಂದ ಕಲಿತನೋ, ಹೆಗ್ಗಣವು ಮನುಷ್ಯನಿಂದಲೋ? ಹಗೇವಿಗೆ ಇಳಿಯುವ ಮುನ್ನ ಒಳಗಿನ ಕೆಟ್ಟ ಗಾಳಿಗೆ ಅಂಜಿ ಮನುಷ್ಯನು ದೀಪವಿಳಿಸಿ ನೋಡುತ್ತಿದ್ದನು. ಹೆಗ್ಗಣವು ಅಂತಹ ಯಾವ ಪರೀಕ್ಷೆಯೂ ಇಲ್ಲದೆ ಕಣಜದ ಮಗ್ಗುಲಲ್ಲೇ ನಿದ್ರಿಸುವುದು. ಗುರು ಯಾರು, ಶಿಷ್ಯ ಯಾರು ಎಂಬುದು ಇದರಿಂದಲೇ ವಿದಿತ.

ಬೇಸಗೆಯಲ್ಲಿ ಹೊಲ ಬರಿದಾಗಲು ಹುಲ್ಲಿನ ಮೆದೆ, ತೋಟದ ತಂಪು, ಮನೆಯ ತಳಪಾಯಗಳು ಆಶ್ರಯವಾಗುವುವು. ಹೊಲಗಳೇ ಸೈಟುಗಳಾದ ಕಡೆ ಚರಂಡಿಯನ್ನು ಮನುಷ್ಯನು ಮುಂದಾಗಿಯೇ ಕಟ್ಟಿಕೊಟ್ಟಿರುವನು.

ಆದುದರಿಂದ ಬೇಸಾಯವೆಂಬುದು ಹೆಗ್ಗಣಗಳು ತಮ್ಮ ಹಿತಕ್ಕಾಗಿ ಸ್ಥಾಪಿಸಿದ ಸಂಸ್ಥೆಯೆಂದೂ, ರೈತನು ಅದರ ನೆಲದ ಮೇಲಿನ ಶಾಖೆಯೆಂದೂ ಸಿದ್ಧಾಂತ.

ಫಲಶ್ರುತಿ: ಇದನ್ನು ಮುಂಗಾರಿಗೆ ಮೊದಲು ಪಠಿಸಿದವನು ಬದುವನ್ನು ಸಣ್ಣದಾಗಿಸಿ ಕಳೆ ಕೀಳುವನು, ಸುಗ್ಗಿಯಲ್ಲಿ ಪಠಿಸಿದವನು ಕೊಯ್ದ ತೆನೆಯನ್ನು ಹೊಲದಲ್ಲಿ ಬಿಡನು, ಪಠಿಸಿಯೂ ಸುಮ್ಮನಿದ್ದವನು ಹೆಗ್ಗಣದ ಸರ್ಕಾರದಲ್ಲಿ ಸಂಬಳವಿಲ್ಲದ ಇಂಜಿನಿಯರನಾಗಿ ಖಾಯಂ ಆಗುವನು.